ಹೆನ್ರಿ ಎಂಗ್ಲರ್: ಸೆರೆಮನೆಯಿಂದ ಪೆಟ್ ಸ್ಕ್ಯಾನ್‌ವರೆಗೆ ಬಂದ ವೈದ್ಯ

ಹೊಳೆಸಾಲು ಬರೆದದ್ದು:

ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಬಗ್ಗೆ ಇಲ್ಲಿ ಮಾತು ಬಂದಾಗಲೆಲ್ಲ ಅದು ಔಷಧಿಯ ಕಡೆಗೇ ಹೋಗುತ್ತದೆ. ಹೊಸ ಇಂಜೆಕ್ಷನ್ ಬಂತಂತೆ, ಎಷ್ಟು ಲಕ್ಷವಂತೆ, ನಮ್ಮಲ್ಲಿ ಸಿಗುತ್ತದಾ? ಇಷ್ಟೇ. ಆ ಔಷಧಿಗಳ ಪ್ರಯೋಗ ನಡೆಯಬೇಕಾದರೆ ಮೊದಲು ಯಾರಾದರೂ ಬದುಕಿರುವ ಮನುಷ್ಯನ ಮೆದುಳಿನಲ್ಲಿ ಆ ಕಾಯಿಲೆಯ ಗುರುತನ್ನು ನೋಡಬೇಕಿತ್ತು. ಹಾಗೆ ನೋಡಿದವರಲ್ಲಿ ಮೊದಲಿಗರೊಬ್ಬರು ಹೆನ್ರಿ ಎಂಗ್ಲರ್. ಉರುಗ್ವೆ ದೇಶದವರು. ಅವರ ಬಗ್ಗೆ ಕನ್ನಡದಲ್ಲಿ ಒಂದಿಷ್ಟು ಬರೆದಿಡಬೇಕು ಅನ್ನಿಸಿತು.

ಮೊದಲು ಸ್ವಲ್ಪ ಹಿನ್ನೆಲೆ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯೊಂದಕ್ಕೆ ಆಗಸ್ಟ್ ಡೀಟರ್ ಎಂಬ ಹೆಂಗಸು ಬಂದರು. ವಯಸ್ಸು 51. ತನ್ನ ಹೆಸರನ್ನು ಬರೆಯುವುದಕ್ಕೂ ತಡಕಾಡುತ್ತಿದ್ದರು. 1906ರಲ್ಲಿ ಅವರು ತೀರಿಕೊಂಡ ಮೇಲೆ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು ಆಕೆಯ ಮೆದುಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜೀವಕೋಶಗಳ ನಡುವೆ ಗಟ್ಟಿ ಕಲೆಗಳಿದ್ದವು. ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳಿದ್ದವು. ಆ ಕಲೆಗಳನ್ನೇ ಈಗ ಅಮಿಲಾಯ್ಡ್ ಎನ್ನುತ್ತೇವೆ, ಎಳೆಗಳನ್ನು ಟೌ ಎನ್ನುತ್ತೇವೆ. ಆದರೆ ಅದಾದ ಮೇಲೆ ಸುಮಾರು 95 ವರ್ಷ ಪರಿಸ್ಥಿತಿ ಬದಲಾಗಲಿಲ್ಲ. ಇದು ಆಲ್ಝೈಮರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಬೇಕಾದರೆ ರೋಗಿ ಸಾಯಬೇಕಿತ್ತು. ಮನೆಯವರಿಗೆ ಉತ್ತರ ಸಿಗುತ್ತಿದ್ದದ್ದು ಶವಪರೀಕ್ಷೆಯಲ್ಲಿ.

ಈಗ ಎಂಗ್ಲರ್. 1946ರಲ್ಲಿ ಪೈಸಂದು ಎಂಬ ಊರಿನಲ್ಲಿ ಹುಟ್ಟಿದರು. ವೈದ್ಯಕೀಯ ಓದಲು ರಾಜಧಾನಿ ಮಾಂಟೆವಿಡಿಯೋಗೆ ಬಂದರು. ಓದುತ್ತಿರುವಾಗಲೇ ತುಪಮಾರೋಸ್ ಎಂಬ ಸಶಸ್ತ್ರ ಎಡಪಂಥೀಯ ಸಂಘಟನೆ ಸೇರಿ ಅದರ ನಾಯಕತ್ವದವರೆಗೆ ಹೋದರು. 1972ರಲ್ಲಿ ಸಿಕ್ಕಿಬಿದ್ದರು. ಮರುವರ್ಷ ಜೂನ್‌ನಲ್ಲಿ ಸೇನೆಯ ಬೆಂಬಲದಿಂದ ಸಂಸತ್ತನ್ನೇ ಮುಚ್ಚಲಾಯಿತು, ಸರ್ವಾಧಿಕಾರ ಶುರುವಾಯಿತು. ಸೇನೆ ಈ ಸಂಘಟನೆಯ ಒಂಬತ್ತು ಗಂಡಸರನ್ನು ಬೇರೆ ಮಾಡಿ ಒತ್ತೆಯಾಳುಗಳಂತೆ ಇಟ್ಟುಕೊಂಡಿತು. ಹೊರಗೆ ನಿಮ್ಮವರು ಏನಾದರೂ ಮಾಡಿದರೆ ನಿಮ್ಮನ್ನು ಕೊಲ್ಲುತ್ತೇವೆ ಎಂಬ ಬೆದರಿಕೆ. ಒಂದು ಬ್ಯಾರಕ್‌ನಿಂದ ಇನ್ನೊಂದಕ್ಕೆ ಸಾಗಿಸುತ್ತಾ, ಒಬ್ಬೊಬ್ಬರನ್ನೇ ಕೂಡಿಹಾಕಿ, ಮಾತಿಗೆ ಮನುಷ್ಯರಿಲ್ಲದಂತೆ ಮಾಡಿದರು. ಆ ಒಂಬತ್ತು ಜನರಲ್ಲಿ ಹೋಸೆ ಮುಹಿಕಾ ಕೂಡ ಇದ್ದರು. 2010ರಲ್ಲಿ ಉರುಗ್ವೆಯ ಅಧ್ಯಕ್ಷರಾದ ಮುಹಿಕಾ ಅವರೇ.

ಎಂಗ್ಲರ್ ಒಟ್ಟು 13 ವರ್ಷ ಸೆರೆಯಲ್ಲಿದ್ದರು. ಅದರಲ್ಲಿ ಸುಮಾರು 11 ವರ್ಷ ಏಕಾಂತ. ಅಲ್ಲಿ ಅವರ ಮನಸ್ಸು ಹದಗೆಟ್ಟಿತು. ಇಲ್ಲದ ಧ್ವನಿಗಳು ಕೇಳತೊಡಗಿದವು, ಭ್ರಮೆಗಳು ಹತ್ತಿಕೊಂಡವು. ಇದನ್ನು ಬೇರೆ ಯಾರೋ ಹೇಳಿದ್ದಲ್ಲ, ಅವರೇ ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಗೋಡೆಯ ಮೇಲೆ ಒಂದು ವೃತ್ತ ಬರೆದು, ಅದರ ಮೇಲೆ ಗಮನ ಕಟ್ಟಿ ಕೂರುತ್ತಾ ತಮ್ಮನ್ನು ತಾವೇ ಹಿಡಿತಕ್ಕೆ ತಂದುಕೊಂಡರಂತೆ.

1985ರ ಮಾರ್ಚ್‌ನಲ್ಲಿ ಪ್ರಜಾಪ್ರಭುತ್ವ ಮರಳಿತು, ಕ್ಷಮಾದಾನ ಸಿಕ್ಕಿತು. ಆಗ ಅವರಿಗೆ 38 ವರ್ಷ. ಸ್ವೀಡನ್‌ಗೆ ಹೋದರು. ಭಾಷೆ ಹೊಸದು, ಓದು ಅರ್ಧಕ್ಕೆ ನಿಂತಿತ್ತು. ಉಪ್ಸಲಾದಲ್ಲಿ ವೈದ್ಯಕೀಯ ಓದು ಮುಗಿಸಿದರು. ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣಶೀಲ ವಸ್ತು ಬಳಸಿ ಕಾಯಿಲೆ ನೋಡುವ ವಿಭಾಗ) ಹಿಡಿದು ಅಲ್ಲಿನ ಪೆಟ್ ಕೇಂದ್ರದಲ್ಲಿ ಕೆಲಸಕ್ಕೆ ನಿಂತರು. 2002ರ ಫೆಬ್ರವರಿಯಲ್ಲಿ ಅದೇ ಉಪ್ಸಲಾದಲ್ಲಿ, ಆಲ್ಝೈಮರ್ ಇದ್ದ ಒಬ್ಬ ರೋಗಿಗೆ ಪಿಐಬಿ (ಪಿಟ್ಸ್‌ಬರ್ಗ್ ಕಾಂಪೌಂಡ್-ಬಿ) ಎಂಬ ಹೊಸ ಟ್ರೇಸರ್, ಅಂದರೆ ಅಮಿಲಾಯ್ಡ್‌ಗೆ ಅಂಟಿ ಅದರ ಜಾಗ ತೋರಿಸುವ ವಿಕಿರಣಶೀಲ ವಸ್ತು, ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದರು. ಅಮಿಲಾಯ್ಡ್ ತುಂಬಿದ ಜಾಗಗಳು ಚಿತ್ರದಲ್ಲಿ ಎದ್ದು ಕಂಡವು. ರೋಗಿ ಬದುಕಿದ್ದರು. 2004ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ 16 ರೋಗಿಗಳು, 9 ಆರೋಗ್ಯವಂತರು. ರೋಗಿಗಳ ಮೆದುಳಿನ ಮುಂಭಾಗದಲ್ಲಿ ಟ್ರೇಸರ್ ಹೆಚ್ಚುಕಡಿಮೆ ಎರಡರಷ್ಟು ಉಳಿದುಕೊಂಡಿತ್ತು.

ಎಲ್ಲರೂ ಹೊಗಳುವುದು ಆ ಚಿತ್ರವನ್ನು. ನನ್ನ ಪ್ರಕಾರ ಅವರ ದೊಡ್ಡ ಕೆಲಸ ಅದಲ್ಲ. 2006ರಲ್ಲಿ ಎಂಗ್ಲರ್ ಮೊದಲ ಲೇಖಕರಾಗಿ ಇನ್ನೊಂದು ಪ್ರಬಂಧ ಬಂತು. ಅದೇ 16 ರೋಗಿಗಳನ್ನು ಎರಡು ವರ್ಷದ ನಂತರ ಮತ್ತೆ ಕರೆದು ನೋಡಿದ್ದರು. ಅಷ್ಟರಲ್ಲಿ ಕೆಲವರ ಮರೆವು ಜಾಸ್ತಿಯಾಗಿತ್ತು. ಮೆದುಳು ಗ್ಲೂಕೋಸ್ ಬಳಸುವುದು ಸುಮಾರು 20% ಇಳಿದಿತ್ತು. ಆದರೆ ಅಮಿಲಾಯ್ಡ್? ಒಟ್ಟಾರೆ ಹೆಚ್ಚುಕಡಿಮೆ ಮೊದಲಿದ್ದಷ್ಟೇ ಇತ್ತು.

ತಾನೇ ಕೈಯಾರೆ ಜಗತ್ತಿಗೆ ತೋರಿಸಿದ ಹೊಸ ಚಿತ್ರ ಇದು. ಅದರ ಮಿತಿಯನ್ನೂ ತಾನೇ ಬರೆಯುವುದು ಸುಲಭವಲ್ಲ. ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ಈ ಚಿತ್ರ ಹೇಳುವುದಿಲ್ಲ, ಅದಕ್ಕೆ ರೋಗಿಯನ್ನೇ ನೋಡಬೇಕು ಎಂಬುದು ಅಲ್ಲಿಂದ ಗೊತ್ತಾಯಿತು. ಇವತ್ತು ಸ್ಕ್ಯಾನ್ ಸೆಂಟರ್‌ನಿಂದ ಹೊರಬರುವ ಎಷ್ಟೋ ಮನೆಯವರಿಗೆ ಈ ಒಂದು ವಿಷಯವನ್ನು ಯಾರೂ ಹೇಳಿರುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡಿದೆ.

ಸಂಜೆಮಲ್ಲಿಗೆ ಬರೆದದ್ದು:

ಓದಿ ಒಂದು ಕ್ಷಣ ಸುಮ್ಮನೆ ಕೂತೆ. ಏಕಾಂತದಲ್ಲಿ ಮನಸ್ಸು ಕಳೆದುಕೊಂಡವರೇ ಮುಂದೆ ಮೆದುಳಿನ ವೈದ್ಯರಾದರು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ನನ್ನ ಪ್ರಶ್ನೆ ಮನೆಯದು. ಅಮ್ಮನಿಗೆ 74. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಾರೆ. ಗ್ಯಾಸ್ ಆರಿಸುವುದು ಮರೆಯುತ್ತದೆ. ನೆಂಟರು ಬಂದರೆ 'ವಯಸ್ಸಾಯ್ತಲ್ವಾ, ಅರಳು ಮರಳು ಬಿಡಿ' ಅನ್ನುತ್ತಾರೆ. ನನಗೆ ಹಾಗೆ ಬಿಟ್ಟುಬಿಡಲು ಆಗುತ್ತಿಲ್ಲ. ಪರಿಚಯದವರೊಬ್ಬರು 'ಅಮಿಲಾಯ್ಡ್ ಪೆಟ್ ಮಾಡಿಸಿ, ಎಲ್ಲ ಗೊತ್ತಾಗುತ್ತದೆ' ಅಂದರು. ಮಾಡಿಸಬೇಕಾ? ಮಾಡಿಸಿದರೆ ಏನು ಗೊತ್ತಾಗುತ್ತದೆ?

ಗಾಮಾಕಿರಣ ಬರೆದದ್ದು:

ನಾನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ತಂತ್ರಜ್ಞ. ವೈದ್ಯನಲ್ಲ, ಅದಕ್ಕೇ ಯಂತ್ರದ ಮಟ್ಟಿಗೆ ಹೇಳುತ್ತೇನೆ.

ಪೆಟ್ ಸ್ಕ್ಯಾನ್ ಎಂದರೆ ಒಳಗಿನ ಫೋಟೋ ಅಲ್ಲ. ಎಂಆರ್‌ಐ ಮೆದುಳಿನ ಆಕಾರ ತೋರಿಸುತ್ತದೆ, ಎಲ್ಲಿ ಸವೆದಿದೆ, ಎಲ್ಲಿ ಕುಗ್ಗಿದೆ ಅಂತ. ಪೆಟ್‌ನಲ್ಲಿ ಮೊದಲು ರಕ್ತಕ್ಕೆ ಒಂದು ವಸ್ತು ಸೇರಿಸುತ್ತೇವೆ. ಅದರ ಪ್ರಮಾಣ ತೀರಾ ಕಮ್ಮಿ, ಮೈಕ್ರೋಗ್ರಾಂ ಲೆಕ್ಕ. ಆ ವಸ್ತುವಿಗೆ ಒಂದು ವಿಕಿರಣಶೀಲ ಪರಮಾಣು ಅಂಟಿಸಿರುತ್ತಾರೆ. ಅದು ಮೆದುಳಿನಲ್ಲಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಗಾಮಾ ಕಿರಣ ಹೊರಡುತ್ತದೆ, ಸುತ್ತಲಿನ ಉಂಗುರ ಅದನ್ನು ಹಿಡಿಯುತ್ತದೆ. ಯಾವ ವಸ್ತು ಕೊಟ್ಟೆವು ಅನ್ನುವುದರ ಮೇಲೆ ಏನು ಕಾಣುತ್ತದೆ ಅನ್ನುವುದು ನಿಂತಿದೆ. ಗ್ಲೂಕೋಸ್‌ನಂತಿರುವ ಎಫ್‌ಡಿಜಿ ಕೊಟ್ಟರೆ ಗ್ಲೂಕೋಸ್ ಬಳಕೆ ಕಾಣುತ್ತದೆ. ಪಿಐಬಿ ಕೊಟ್ಟರೆ ಅಮಿಲಾಯ್ಡ್ ಕಾಣುತ್ತದೆ. ಹೊಳೆಸಾಲು ಹೇಳಿದ 2006ರ ಕೆಲಸದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದೇ ಅದರ ಜಾಣತನ.

ಪಿಐಬಿಗೆ ಅಂಟಿಸುವುದು ಕಾರ್ಬನ್-11. ಅದರ ಅರ್ಧಾಯುಷ್ಯ ಸುಮಾರು 20 ನಿಮಿಷ. ಅಂದರೆ ಪ್ರತಿ 20 ನಿಮಿಷಕ್ಕೆ ಅರ್ಧ ಕರಗಿಹೋಗುತ್ತದೆ. ಅದನ್ನು ತಯಾರಿಸುವ ಯಂತ್ರ, ಸೈಕ್ಲೋಟ್ರಾನ್, ಅದೇ ಕಟ್ಟಡದಲ್ಲಿ ಅಥವಾ ಪಕ್ಕದಲ್ಲೇ ಇರಬೇಕು. ರಸಾಯನಶಾಸ್ತ್ರದವರು ಮಾಡಿ, ಶುದ್ಧ ಮಾಡಿ, ಪರೀಕ್ಷೆ ಮಾಡಿ ಕೊಡುವ ಹೊತ್ತಿಗೆ ರೋಗಿ ಆಗಲೇ ಮೇಜಿನ ಮೇಲೆ ಸಿದ್ಧರಿರಬೇಕು. ಹಾಗಾಗಿ ಪಿಐಬಿ ದೊಡ್ಡ ಸಂಶೋಧನಾ ಕೇಂದ್ರಗಳಲ್ಲೇ ಉಳಿಯಿತು. ಆಮೇಲೆ ಫ್ಲೋರಿನ್-18 ಅಂಟಿಸಿದ ಟ್ರೇಸರ್‌ಗಳು ಬಂದವು. ಅದರ ಅರ್ಧಾಯುಷ್ಯ 110 ನಿಮಿಷ, ಗಾಡಿಯಲ್ಲಿ ಬೇರೆ ಊರಿಗೂ ಒಯ್ಯಬಹುದು. ಅಂಥ ಮೊದಲ ಅಮಿಲಾಯ್ಡ್ ಟ್ರೇಸರ್ ಫ್ಲೋರ್‌ಬೆಟಾಪಿರ್‌ಗೆ ಅಮೆರಿಕದಲ್ಲಿ 2012ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತು. ಟೌ ತೋರಿಸುವ ಫ್ಲೋರ್ಟಾಸಿಪಿರ್‌ಗೆ 2020ರ ಮೇ ತಿಂಗಳಲ್ಲಿ.

ಸಂಜೆಮಲ್ಲಿಗೆ ಅವರಿಗೆ: ಅಮಿಲಾಯ್ಡ್ ಪೆಟ್ ಮೊದಲ ಪರೀಕ್ಷೆ ಅಲ್ಲ. ಮರೆವಿಗೆ ಸರಿಪಡಿಸಬಹುದಾದ ಕಾರಣಗಳೂ ಇರುತ್ತವೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಸೇರಿರುವುದು. ನರರೋಗ ತಜ್ಞರು ಮೊದಲು ಇವನ್ನು ನೋಡುತ್ತಾರೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂಆರ್‌ಐ. ಇವೆಲ್ಲ ಆದ ಮೇಲೂ ಅನುಮಾನ ಉಳಿದರೆ, ಮತ್ತು ಉತ್ತರ ಸಿಕ್ಕರೆ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಪೆಟ್ ಮಾತು.

ಬಯಲುಸೀಮೆ ಬರೆದದ್ದು:

ಬರಹ ಚೆನ್ನಾಗಿದೆ, ಆದರೆ ಎರಡು ತಕರಾರು ಇದೆ.

ಒಂದು, ಪಿಐಬಿ ಕಂಡುಹಿಡಿದದ್ದು ಎಂಗ್ಲರ್ ಅಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮಾಥಿಸ್. ಹೆಸರಿನಲ್ಲೇ ಪಿಟ್ಸ್‌ಬರ್ಗ್ ಇದೆ. ಆಲ್ಝೈಮರ್‌ನಂಥ ಕಾಯಿಲೆಗಳ ಸಂಶೋಧನೆಗೆ ಕೊಡುವ ಪೊಟಾಮ್ಕಿನ್ ಪ್ರಶಸ್ತಿ 2008ರಲ್ಲಿ ಬಂದದ್ದೂ ಅವರಿಬ್ಬರಿಗೆ, ಜೊತೆಗೆ ಅಮೆರಿಕದ ಮೇಯೋ ಕ್ಲಿನಿಕ್‌ನ ಕ್ಲಿಫರ್ಡ್ ಜ್ಯಾಕ್ ಅವರಿಗೆ. ಸೆರೆಮನೆ ಕತೆ ರೋಚಕ ಎಂದು ಎಲ್ಲ ಮೆಚ್ಚುಗೆಯನ್ನೂ ಒಬ್ಬರಿಗೇ ಕೊಟ್ಟುಬಿಟ್ಟರೆ ಅನ್ಯಾಯ ಆಗುತ್ತದೆ.

ಎರಡು, ತುಪಮಾರೋಸ್ ಬರೀ ಆದರ್ಶವಾದಿ ಹುಡುಗರ ಗುಂಪಲ್ಲ. ಬ್ಯಾಂಕ್ ದರೋಡೆ ಮಾಡಿದರು, ಜನರನ್ನು ಅಪಹರಿಸಿದರು. 1970ರಲ್ಲಿ ಅಪಹರಿಸಿದ ಡ್ಯಾನ್ ಮಿಟ್ರಿಯೋನೆ ಎಂಬ ಅಮೆರಿಕದ ಅಧಿಕಾರಿಯನ್ನು ಕೊಂದರು. ಆ ಸಂಘಟನೆಯ ನಾಯಕರೊಬ್ಬರ ಬಗ್ಗೆ ಬರೆಯುವಾಗ 'ಸಶಸ್ತ್ರ' ಅಂತ ಒಂದು ಪದ ಹಾಕಿ ಮುಂದೆ ಹೋದರೆ ಸಾಲದು.

ಹೊಳೆಸಾಲು ಬರೆದದ್ದು:

ಎರಡೂ ನ್ಯಾಯವಾದ ಮಾತು. ಮೊದಲು ಕ್ಲಂಕ್ ವಿಚಾರ. ಅವರ ಬಗ್ಗೆ ಬರೆಯದೆ ಈ ಕತೆ ಪೂರ್ತಿಯಾಗುವುದಿಲ್ಲ.

ಕ್ಲಂಕ್ ಮನೋವೈದ್ಯರು, ಜೊತೆಗೆ ಸಂಶೋಧನೆಯಲ್ಲಿ ಪಿಎಚ್‌ಡಿ ಮಾಡಿದವರು. ಅವರಿಗೆ ಹೊಳೆದದ್ದು ಹಳೇ ವಿಚಾರ. ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಇದೆ, 1884ರಲ್ಲಿ ಬಟ್ಟೆಗೆ ಹಾಕಲು ಜರ್ಮನಿಯಲ್ಲಿ ಮಾಡಿದ್ದು. ಅದು ಅಮಿಲಾಯ್ಡ್‌ಗೆ ಅಂಟುತ್ತದೆ ಎಂದು 1920ರ ದಶಕದಿಂದಲೇ ಗೊತ್ತಿತ್ತು. ಶವಪರೀಕ್ಷೆಯ ವೈದ್ಯರು ಅದನ್ನೇ ಬಳಸುತ್ತಿದ್ದರು. ಅದೇ ಬಣ್ಣವನ್ನು ಬದುಕಿರುವವರ ರಕ್ತಕ್ಕೆ ಹಾಕಿದರೆ? ಆಗುವುದಿಲ್ಲ. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆಯನ್ನು ಅದು ದಾಟುವುದಿಲ್ಲ. ಕ್ಲಂಕ್ 1990ರ ದಶಕದ ಮೊದಲಿಂದ ಇದನ್ನೇ ಬೆನ್ನುಹತ್ತಿದರು. ಕಾಂಗೋ ರೆಡ್‌ನ ನೆಂಟ ಅಣುಗಳನ್ನು ನೋಡಿದರು. ಅವು ಅಮಿಲಾಯ್ಡ್‌ಗೆ ಅಂಟಿದವು, ಆದರೆ ಮೆದುಳಿಗೆ ಸಾಕಷ್ಟು ಹೋಗಲಿಲ್ಲ.

ರೇಡಿಯೋ ರಸಾಯನಶಾಸ್ತ್ರಜ್ಞ ಮಾಥಿಸ್ ಜೊತೆ ಸೇರಿದ ಮೇಲೆ ಇನ್ನೊಂದು ಬಣ್ಣ ಹಿಡಿದರು. ಥಿಯೋಫ್ಲಾವಿನ್ ಟಿ. ಇದಕ್ಕೂ ಅದೇ ತೊಂದರೆ, ಅಣುವಿನ ಮೇಲೆ ಧನ ವಿದ್ಯುದಂಶ ಇತ್ತು. ಅದನ್ನು ತೆಗೆದುಹಾಕಿದರು. ಅಣು ಚಿಕ್ಕದಾಯಿತು, ವಿದ್ಯುದಂಶ ಹೋಯಿತು, ಮೆದುಳಿಗೆ ಸಲೀಸಾಗಿ ಹೊಕ್ಕಿತು. ಅಷ್ಟೇ ಅಲ್ಲ, ಅಮಿಲಾಯ್ಡ್ ಇಲ್ಲದ ಕಡೆಯಿಂದ ಬೇಗ ತೊಳೆದುಹೋಯಿತು. ಈ ಎರಡನೆಯದೂ ಮುಖ್ಯ. ಎಲ್ಲ ಕಡೆ ಉಳಿದುಕೊಂಡರೆ ಚಿತ್ರದಲ್ಲಿ ಏನೂ ಬೇರೆಯಾಗಿ ಕಾಣುವುದಿಲ್ಲ. ಒಂದು ದಶಕಕ್ಕೂ ಮೀರಿದ ತಾಳ್ಮೆ ಅದು. ಅದರ ಮೆಚ್ಚುಗೆ ಪೂರ್ತಿ ಪಿಟ್ಸ್‌ಬರ್ಗ್‌ಗೇ ಸಲ್ಲಬೇಕು.

ಆದರೆ ಅಣು ಸಿದ್ಧವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಅದನ್ನು ಮೊದಲ ಸಲ ಮನುಷ್ಯನಿಗೆ ಕೊಡುವ ವೈದ್ಯ ಬೇಕು, ಪ್ರತಿ ರೋಗಿಯ ಎದುರು ಕೂತು ಒಪ್ಪಿಗೆ ಕೇಳುವವರು ಬೇಕು. 2004ರ ಪ್ರಬಂಧದಲ್ಲಿ ಕ್ಲಂಕ್ ಹೆಸರಿನ ನಂತರ ಬರುವ ಎರಡನೇ ಹೆಸರೇ ಎಂಗ್ಲರ್. ಮೂರನೆಯದು ಸ್ವೀಡನ್‌ನ ಕರೋಲಿನ್ಸ್ಕಾ ಸಂಸ್ಥೆಯ ಆಗ್ನೆಟಾ ನೂರ್ಡ್‌ಬರ್ಗ್. ರೋಗಿಗಳನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿದ್ದರಲ್ಲಿ ನೂರ್ಡ್‌ಬರ್ಗ್ ಪಾಲು ತುಂಬಾ ದೊಡ್ಡದು.

ಎರಡನೇ ತಕರಾರು. ಮಿಟ್ರಿಯೋನೆ ಕೊಲೆ ಕೊಲೆಯೇ. ಸಂಘಟನೆ ಮಾಡಿದ ಹಿಂಸೆಯನ್ನು ಸೆರೆಮನೆ ತೊಳೆಯುವುದಿಲ್ಲ, ಸ್ಕ್ಯಾನ್ ಚಿತ್ರವೂ ತೊಳೆಯುವುದಿಲ್ಲ. ಹಾಗೆಯೇ 11 ವರ್ಷ ಒಬ್ಬ ಮನುಷ್ಯನನ್ನು ಮಾತಿಲ್ಲದೆ ಕೂಡಿಹಾಕಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಎರಡೂ ಒಟ್ಟಿಗೆ ನಿಜ. ಈ ವ್ಯಕ್ತಿಯನ್ನು ಪೂಜೆ ಮಾಡಿ ಅಂತ ನಾನು ಹೇಳುತ್ತಿಲ್ಲ. ನೋಡಿ ಅಂತಷ್ಟೇ ಹೇಳುತ್ತಿದ್ದೇನೆ.

ಬಯಲುಸೀಮೆ ಬರೆದದ್ದು:

ಒಪ್ಪಿದೆ. ಹಾಗಾದರೆ ಅಮೆರಿಕದಲ್ಲಿ ಮಾಡಿದ ಅಣುವನ್ನು ಸ್ವೀಡನ್‌ಗೆ ಯಾಕೆ ಒಯ್ದರು?

ಉತ್ತರದ ಹಕ್ಕಿ ಬರೆದದ್ದು:

ನಾನು ಸ್ವೀಡನ್‌ನಲ್ಲೇ ಇರುವುದು, ಹಾಸನದ ಕಡೆಯವಳು. ಇದಕ್ಕೆ ನಾನು ಹೇಳುತ್ತೇನೆ.

ಉಪ್ಸಲಾ ಚಿಕ್ಕ ಊರು. ಆದರೆ ಅಲ್ಲಿ ಸೈಕ್ಲೋಟ್ರಾನ್ 1940ರ ದಶಕದ ಕೊನೆಯಿಂದಲೇ ಇದೆ. ನೊಬೆಲ್ ಪಡೆದ ಥಿಯೋಡೋರ್ ಸ್ವೆಡ್‌ಬರ್ಗ್ ಕಟ್ಟಿಸಿದ್ದು. 1970ರ ದಶಕದಲ್ಲಿ ಬೆಂಗ್ಟ್ ಲಾಂಗ್‌ಸ್ಟ್ರಮ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಕಾರ್ಬನ್-11 ಜೊತೆ ಕೆಲಸ ಶುರು ಮಾಡಿದರು. ಕಾರ್ಬನ್-11 ಇರುವ ಮೀಥೈಲ್ ಗುಂಪನ್ನು ಅಣುವಿಗೆ ಚಕಚಕನೆ ಅಂಟಿಸುವ ವಿಧಾನದಲ್ಲಿ ಅವರ ತಂಡ ಪಳಗಿತ್ತು. ಪಿಐಬಿಗೆ ಬೇಕಾಗಿದ್ದದ್ದು ಅದೇ. ಹೊಸ ಟ್ರೇಸರ್ ಅನ್ನು ಮೈಕ್ರೋಗ್ರಾಂ ಪ್ರಮಾಣದಲ್ಲಿ ಮನುಷ್ಯರಿಗೆ ಮೊದಲ ಸಲ ಕೊಡುವುದಕ್ಕೆ ಅನುಮತಿಯ ದಾರಿಯೂ ಆಗ ಇಲ್ಲಿ ಅಮೆರಿಕಕ್ಕಿಂತ ಬೇಗ ಸಾಗುತ್ತಿತ್ತು. ಪಿಟ್ಸ್‌ಬರ್ಗ್ ಕಾಂಪೌಂಡ್ ಎಂಬ ಹೆಸರಿಟ್ಟದ್ದೂ ಉಪ್ಸಲಾದವರೇ, ಆ ಊರಿಂದ ಬಂದ ಅಣು ಅಂತ.

ಇನ್ನೊಂದು ವಿಷಯ. 1970 ಮತ್ತು 80ರ ದಶಕದಲ್ಲಿ ಸ್ವೀಡನ್ ಲ್ಯಾಟಿನ್ ಅಮೆರಿಕದ ನಿರಾಶ್ರಿತರನ್ನು ತುಂಬಾ ಜನರನ್ನು ಸೇರಿಸಿಕೊಂಡಿತು. ಚಿಲಿ, ಉರುಗ್ವೆ, ಅರ್ಜೆಂಟೀನಾದವರು. ನನ್ನ ಸ್ವೀಡಿಷ್ ಕಲಿಕೆಯ ತರಗತಿಯಲ್ಲಿ ಕಷ್ಟಪಟ್ಟ ನೆನಪು ಇನ್ನೂ ಇದೆ. ನನಗೆ ಆಗ ಇಪ್ಪತ್ತರ ಹರೆಯ. 38ರಲ್ಲಿ, ಅಷ್ಟೆಲ್ಲ ಅನುಭವಿಸಿ ಬಂದ ಮೇಲೆ, ಆ ಭಾಷೆಯಲ್ಲಿ ವೈದ್ಯಕೀಯ ಓದಿ ರೋಗಿಯ ಕಷ್ಟ ಕೇಳುವಷ್ಟು ಕಲಿಯುವುದು ಎಂದರೆ ಏನು ಅಂತ ನನಗೆ ಸ್ವಲ್ಪ ಅಂದಾಜಿದೆ.

ನರತಂತು ಬರೆದದ್ದು:

ನಾನು ಈ ಕ್ಷೇತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವನು. ಹೊಳೆಸಾಲು ಅವರ ಮಾತಿಗೆ ಮುಂದಿನ ಕೊಂಡಿ ಸೇರಿಸುತ್ತೇನೆ, ಯಾಕೆಂದರೆ ಆ ಮೊದಲ ರೋಗಿಯ ಕತೆ 2006ಕ್ಕೆ ಮುಗಿಯಲಿಲ್ಲ.

ಪಿಐಬಿ ಪಡೆದ ಮೊದಲ ರೋಗಿಯ ಬಗ್ಗೆಯೇ 2011ರಲ್ಲಿ ಒಂದು ಪ್ರಬಂಧ ಬಂತು. 53, 56 ಮತ್ತು 58ನೇ ವಯಸ್ಸಿನಲ್ಲಿ ಅವರ ಮೆದುಳಿನ ಗ್ಲೂಕೋಸ್ ಬಳಕೆ ನೋಡಿದ್ದರು. 56 ಮತ್ತು 58ರಲ್ಲಿ ಪಿಐಬಿ ಸ್ಕ್ಯಾನ್. 61ರಲ್ಲಿ ಅವರು ತೀರಿಕೊಂಡರು. ಗ್ಲೂಕೋಸ್ ಇಳಿಯುತ್ತಾ ಹೋಗಿತ್ತು, ನೆನಪು ಇಳಿಯುತ್ತಾ ಹೋಗಿತ್ತು. ಪಿಐಬಿ ಮಾತ್ರ ಜೋರಾಗಿಯೇ ಇತ್ತು, ಬದಲಾಗಿರಲಿಲ್ಲ. ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಆಲ್ಝೈಮರ್ ಖಚಿತವಾಯಿತು. ಬದುಕಿದ್ದಾಗ ಚಿತ್ರದಲ್ಲಿ ಕಂಡದ್ದಕ್ಕೂ ಸತ್ತ ಮೇಲೆ ಮೆದುಳಿನಲ್ಲಿ ಪಿಐಬಿ ಅಂಟಿದ ರೀತಿಗೂ ತಾಳೆ ಬಿತ್ತು. ಆ ಕುಟುಂಬ ಕೊಟ್ಟದ್ದು ಎಷ್ಟು ದೊಡ್ಡದು ನೋಡಿ. ನಾವು ಪ್ರಬಂಧಗಳಲ್ಲಿ ವೈದ್ಯರ ಹೆಸರು ಓದುತ್ತೇವೆ. ಅವರ ಹೆಸರು ಎಲ್ಲೂ ಇಲ್ಲ, ಇರಲೂಬಾರದು.

ಅಮಿಲಾಯ್ಡ್ ಏಕೆ ಹಾಗೇ ನಿಲ್ಲುತ್ತದೆ? ಕೆರೆ ತುಂಬಿದ ಮೇಲೆ ನೀರಿನ ಮಟ್ಟ ಏರುವುದಿಲ್ಲ, ಕೋಡಿ ಬಿದ್ದು ಕೆಳಗಿನ ಗದ್ದೆಗಳು ಹಾಳಾಗುತ್ತವೆ. ಹಾಗೆ. ರೋಗಲಕ್ಷಣ ಕಾಣುವ ಹೊತ್ತಿಗೆ ಅಮಿಲಾಯ್ಡ್ ಶೇಖರಣೆ ಹೆಚ್ಚುಕಡಿಮೆ ತುಂಬಿರುತ್ತದೆ. ಅದು ಶುರುವಾಗಿದ್ದು ಒಂದೆರಡು ದಶಕದ ಹಿಂದೆ. ಆಮೇಲೆ ಹರಡುವುದು ಟೌ, ಸಾಯುವುದು ನರಕೋಶಗಳು. ಮರೆವಿನ ಏರಿಳಿತಕ್ಕೆ ಟೌ ಜಾಸ್ತಿ ಹೊಂದುತ್ತದೆ. ಬಯಲುಸೀಮೆ ಹೇಳಿದ ಕ್ಲಿಫರ್ಡ್ ಜ್ಯಾಕ್ 2010ರಲ್ಲಿ ಇದನ್ನೆಲ್ಲ ಸೇರಿಸಿ ಒಂದು ಕಾಲಕ್ರಮದ ನಕ್ಷೆ ಮುಂದಿಟ್ಟರು. ಮೊದಲು ಅಮಿಲಾಯ್ಡ್, ಆಮೇಲೆ ಟೌ ಮತ್ತು ಗ್ಲೂಕೋಸ್, ಆಮೇಲೆ ಮೆದುಳು ಕುಗ್ಗುವುದು, ಕೊನೆಗೆ ರೋಗಲಕ್ಷಣ. ಅಮಿಲಾಯ್ಡ್ ಗೆರೆ ಮೇಲೆ ಹೋಗಿ ಸಮತಟ್ಟಾಗುತ್ತದೆ. ಆ ಸಮತಟ್ಟು ಭಾಗಕ್ಕೆ ಮೊದಲ ಸಾಕ್ಷಿಗಳಲ್ಲಿ ಎಂಗ್ಲರ್ ಪ್ರಬಂಧವೂ ಒಂದು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಅಮಿಲಾಯ್ಡ್ ಇದ್ದವರೆಲ್ಲ ರೋಗಿಗಳಲ್ಲ. ನೆನಪು ಸರಿಯಿರುವವರನ್ನು ಸ್ಕ್ಯಾನ್ ಮಾಡಿದ ಅನೇಕ ಅಧ್ಯಯನಗಳನ್ನು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. 50ನೇ ವಯಸ್ಸಿನಲ್ಲಿ ಸುಮಾರು 10% ಜನರಲ್ಲಿ, 90ರಲ್ಲಿ ಸುಮಾರು 44% ಜನರಲ್ಲಿ ಅಮಿಲಾಯ್ಡ್ ಇತ್ತು. ಚೆನ್ನಾಗಿ ಮಾತಾಡಿಕೊಂಡು, ಲೆಕ್ಕಪತ್ರ ನೋಡಿಕೊಂಡು ಇರುವವರಲ್ಲಿ! ಹಾಗಾಗಿ 'ಪಾಸಿಟಿವ್' ಎಂಬ ವರದಿ ಹಿಡಿದು ಯಾರೂ ಎದೆಗುಂದಬಾರದು. ವರದಿಯ ಜೊತೆ ಮನುಷ್ಯನನ್ನೂ ಸೇರಿಸಿ ನೋಡಬೇಕು.

ಸಂಜೆಮಲ್ಲಿಗೆ ಬರೆದದ್ದು:

ಹಾಗಾದರೆ ಪ್ರತಿ ವರ್ಷ ಸ್ಕ್ಯಾನ್ ಮಾಡಿಸಿದರೆ ಅಮ್ಮನ ಮರೆವು ಎಷ್ಟು ಮುಂದುವರಿದಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ನಾನು ಅದನ್ನೇ ಅಂದುಕೊಂಡಿದ್ದೆ. ಇನ್ನೊಂದು, ಆ ಹೊಸ ಇಂಜೆಕ್ಷನ್‌ಗಳು ಅಮಿಲಾಯ್ಡ್ ತೆಗೆದುಹಾಕುತ್ತವಂತೆ. ಕೆರೆ ತುಂಬಿ ಕೋಡಿ ಬಿದ್ದ ಮೇಲೆ ತೆಗೆದರೆ ಏನು ಪ್ರಯೋಜನ?

ನರತಂತು ಬರೆದದ್ದು:

ಸರಿಯಾಗಿ ಹಿಡಿದಿರಿ. ಈಗ ಇಡೀ ಕ್ಷೇತ್ರ ಜಗಳವಾಡುತ್ತಿರುವುದು ಈ ಪ್ರಶ್ನೆಯ ಮೇಲೇ.

ಆ ಇಂಜೆಕ್ಷನ್‌ಗಳಲ್ಲಿ ಲೆಕಾನೆಮ್ಯಾಬ್‌ಗೆ ಅಮೆರಿಕದಲ್ಲಿ ಪೂರ್ಣ ಅನುಮತಿ 2023ರ ಜುಲೈನಲ್ಲಿ ಸಿಕ್ಕಿತು, ಡೊನಾನೆಮ್ಯಾಬ್‌ಗೆ 2024ರ ಜುಲೈನಲ್ಲಿ. ಇವು ಅಮಿಲಾಯ್ಡ್ ತೆಗೆಯುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಪೆಟ್ ಚಿತ್ರದಲ್ಲೇ ಕಾಣುತ್ತದೆ. ಆದರೆ ಲೆಕಾನೆಮ್ಯಾಬ್ ಪ್ರಯೋಗದಲ್ಲಿ 18 ತಿಂಗಳಲ್ಲಿ ಇಳಿಕೆ 27% ನಿಧಾನವಾಯಿತು ಅಷ್ಟೇ. ನಿಲ್ಲಲಿಲ್ಲ, ಹಿಂದಕ್ಕೂ ಬರಲಿಲ್ಲ. ನೆನಪು ಮತ್ತು ದಿನನಿತ್ಯದ ಕೆಲಸ ಅಳೆಯುವ 18 ಅಂಕದ ಅಳತೆಯಲ್ಲಿ 0.45 ಅಂಕದ ವ್ಯತ್ಯಾಸ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಇದು ಕಣ್ಣಿಗೆ ಕಾಣುತ್ತದಾ ಎಂಬುದೇ ವಾದ. ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಆಗುವ ಅಪಾಯವೂ ಇದೆ, ಅದಕ್ಕೆ ಆಗಾಗ ಎಂಆರ್‌ಐ ಮಾಡಬೇಕು. ಈ ಔಷಧಿಗಳು ಕಾಯಿಲೆಯ ಶುರುವಿನ ಹಂತದವರಿಗೆ ಮಾತ್ರ. ಮುಂದುವರಿದವರಿಗೆ ಕೊಡುವುದಿಲ್ಲ.

ಸ್ಕ್ಯಾನ್‌ನಿಂದ ಉಪಯೋಗವೇ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ನರವೈದ್ಯ ಗಿಲ್ ರಬಿನೋವಿಚಿ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ 11,000ಕ್ಕೂ ಹೆಚ್ಚು ರೋಗಿಗಳಿಗೆ ಅಮಿಲಾಯ್ಡ್ ಪೆಟ್ ಮಾಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 60% ಜನರಲ್ಲಿ ವೈದ್ಯರು ಚಿಕಿತ್ಸೆಯ ಯೋಜನೆಯನ್ನೇ ಬದಲಿಸಿದರು. ಅಂದರೆ ಕಾಯಿಲೆ ಯಾವುದು ಎಂದು ತೀರ್ಮಾನಿಸಲು ಇದು ಒಳ್ಳೆಯದು, ಎಷ್ಟಾಗಿದೆ ಎಂದು ಅಳೆಯಲು ಅಲ್ಲ. ಜೊತೆಗೆ 2025ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅಮಿಲಾಯ್ಡ್ ಪತ್ತೆಗೆ ನೆರವಾಗುವ ರಕ್ತಪರೀಕ್ಷೆಗೂ ಅನುಮತಿ ಸಿಕ್ಕಿದೆ. ಈ ರಕ್ತಪರೀಕ್ಷೆಗಳು ಸರಿಯೇ ಎಂದು ತಾಳೆ ನೋಡಿದ್ದು ಪೆಟ್ ಚಿತ್ರದ ಜೊತೆಗೇ.

ಮಾವಿನತೋಪು ಬರೆದದ್ದು:

ಕೋಲಾರ ಜಿಲ್ಲೆಯವನು ನಾನು. ನಮ್ಮ ಶ್ರೀನಿವಾಸಪುರದ ಹೆಸರು ಇಲ್ಲಿ ಬರಲಿಲ್ಲ ಅಂತ ಬರೆಯುತ್ತಿದ್ದೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ನಮ್ಮ ತಾಲೂಕಿನ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸುವುದು ಗುರಿ. ನೆನಪಿನ ಪರೀಕ್ಷೆ, ರಕ್ತ, ಎಂಆರ್‌ಐ ಎಲ್ಲ ಇದೆ. ಮಾವಿನ ತೋಟದಲ್ಲಿ ಕೆಲಸ ಮಾಡುವವರು, ಸ್ಕೂಲಿಗೆ ಹೋಗದವರು ಕೂಡ ಇದರಲ್ಲಿ ಇದ್ದಾರೆ. ನನಗೆ ಅದು ಮುಖ್ಯ ಅನ್ನಿಸುತ್ತದೆ. ಇಲ್ಲಿ ಹೇಳಿದ ಹೆಚ್ಚಿನ ಅಂಕಿಅಂಶಗಳು ಸ್ವೀಡನ್, ಅಮೆರಿಕದಂಥ ಕಡೆಯ ಓದಿದ ಜನರದ್ದು. ಓದುಬರಹ ಬಾರದ ಅಜ್ಜಿಗೆ ಕಾಗದದ ಮೇಲೆ ಗಡಿಯಾರ ಬರೆಯಿರಿ ಎಂದರೆ ಅದು ನೆನಪಿನ ಪರೀಕ್ಷೆ ಆಗುತ್ತದಾ?

ಹೊಳೆಸಾಲು ಬರೆದದ್ದು:

ಮಾವಿನತೋಪು, ನಿಮ್ಮ ಮಾತು ನೂರಕ್ಕೆ ನೂರು ನಿಜ. ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಆಲ್ಝೈಮರ್ ಸೇರಿದಂತೆ ನೆನಪು, ಯೋಚನೆ ಕುಂದಿಸುವ ಕಾಯಿಲೆಗಳ ಒಟ್ಟು ಹೆಸರು) ಇದೆ ಎಂದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಂದಾಜು ಹೇಳುತ್ತದೆ. ನೂರಕ್ಕೆ ಏಳಕ್ಕಿಂತ ಜಾಸ್ತಿ. ಇಷ್ಟು ಜನರನ್ನು ಬೇರೆ ದೇಶದ ಅಳತೆಯಲ್ಲಿ ಅಳೆಯಲು ಆಗುವುದಿಲ್ಲ. ಈಗ ನಿಮ್ಹಾನ್ಸ್‌ನಲ್ಲಿರುವ ನರವೈದ್ಯೆ ಸುವರ್ಣಾ ಅಲ್ಲಾಡಿ ಹೈದರಾಬಾದ್‌ನ 648 ರೋಗಿಗಳ ಮೇಲೆ ಮಾಡಿದ ಅಧ್ಯಯನ ನೆನಪಾಗುತ್ತದೆ. ಎರಡು ಅಥವಾ ಹೆಚ್ಚು ಭಾಷೆ ಆಡುವವರಲ್ಲಿ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಂಡಿತ್ತು. ಓದುಬರಹ ಬಾರದವರಲ್ಲೂ ಆ ವ್ಯತ್ಯಾಸ ಇತ್ತು. ಕೋಲಾರದ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲ ಆಡುವವರಿಗೆ ಇದು ಹತ್ತಿರದ ವಿಷಯ. ಇಂಥ ಪ್ರಶ್ನೆ ಹೊಳೆಯಬೇಕಾದರೆ ಇಲ್ಲಿನ ರೋಗಿಗಳ ನಡುವೆಯೇ ಇರುವ ವೈದ್ಯರು ಬೇಕು.

ಎಂಗ್ಲರ್ ಕೂಡ ಕೊನೆಗೆ ಮಾಡಿದ್ದು ಅದನ್ನೇ. ಸ್ವೀಡನ್‌ನಲ್ಲಿ ಹೆಸರು ಬಂದಿತ್ತು, ಉಳಿಯಬಹುದಿತ್ತು. ವಾಪಸ್ ಹೋದರು. ಉರುಗ್ವೆಯ ಜನಸಂಖ್ಯೆ ಸುಮಾರು 35 ಲಕ್ಷ, ಬೆಂಗಳೂರಿನ ಅರ್ಧವೂ ಇಲ್ಲ. ಆಗ ಅಧ್ಯಕ್ಷರಾಗಿದ್ದ ತಬಾರೆ ವಾಸ್ಕೆಸ್ ಸ್ವತಃ ಕ್ಯಾನ್ಸರ್ ವೈದ್ಯರು, ಅವರಿಗೆ ಪೆಟ್ ಬೆಲೆ ಗೊತ್ತಿತ್ತು. 2007ರಲ್ಲಿ ಕಾನೂನು ಮಾಡಿ ಒಂದು ಸಾರ್ವಜನಿಕ ಕೇಂದ್ರ ಸ್ಥಾಪಿಸಿದರು. ಉಪ್ಸಲಾದವರ ನೆರವು ಸಿಕ್ಕಿತು. ಸೈಕ್ಲೋಟ್ರಾನ್ ಇರುವ ಆ ಕೇಂದ್ರ 2010ರಲ್ಲಿ ಮಾಂಟೆವಿಡಿಯೋದಲ್ಲಿ ಬಾಗಿಲು ತೆರೆಯಿತು. ಅದರ ನಿರ್ದೇಶಕರಾದದ್ದು ಎಂಗ್ಲರ್. ಅಲ್ಲಿ ರೋಗಿಗಳಿಗೆ ಪರೀಕ್ಷೆ ಉಚಿತ.

ಬಯಲುಸೀಮೆ ಬರೆದದ್ದು:

ಉಚಿತ ಅನ್ನುವುದು ನನಗೆ ಗೊತ್ತಿರಲಿಲ್ಲ. ನನ್ನ ಎರಡನೇ ತಕರಾರನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ಮನುಷ್ಯನ ಬಗ್ಗೆ ಇನ್ನಷ್ಟು ಓದುತ್ತೇನೆ. 2006ರ ಪ್ರಬಂಧದಿಂದಲೇ ಶುರು ಮಾಡುತ್ತೇನೆ.

ಸಂಜೆಮಲ್ಲಿಗೆ ಬರೆದದ್ದು:

ಎಲ್ಲರಿಗೂ ಧನ್ಯವಾದ. ನರರೋಗ ತಜ್ಞರ ಹತ್ತಿರ ಮುಂದಿನ ವಾರ ಸಮಯ ಸಿಕ್ಕಿದೆ. ಏನೇನು ಹಿಡಿದುಕೊಂಡು ಹೋಗಲಿ?

ಗಾಮಾಕಿರಣ ಬರೆದದ್ದು:

ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ನಿದ್ದೆ, ಅಲರ್ಜಿ, ಮೂತ್ರದ ತೊಂದರೆಗೆ ಅಂಗಡಿಯಲ್ಲಿ ಸುಮ್ನೆ ಕೇಳಿ ತಂದದ್ದಿದ್ದರೆ ಅದನ್ನೂ ಬಿಡಬೇಡಿ. ಹಳೆಯ ರಕ್ತಪರೀಕ್ಷೆಗಳು, ಬಿಪಿ, ಶುಗರ್ ಚೀಟಿಗಳು. ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದರೆ ಅದನ್ನು ಮರೆಯದೆ ಹೇಳಿ.

ಮರೆವು ಯಾವಾಗ ಶುರುವಾಯಿತು, ಮೊದಲು ಗಮನಿಸಿದ್ದು ಏನು, ಆರು ತಿಂಗಳ ಹಿಂದೆ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ, ಇಷ್ಟನ್ನು ಬರೆದುಕೊಂಡು ಹೋಗಿ. ಅಮ್ಮನ ಎದುರು ಹೇಳಲು ಕಷ್ಟವಾದರೆ ಚೀಟಿಯನ್ನು ವೈದ್ಯರ ಕೈಗೆ ಕೊಡಿ. ಎರಡನೇ ಸಲ ಹೋದಾಗಲೂ ಅದೇ ಚೀಟಿಗೆ ಹೊಸದನ್ನು ಸೇರಿಸಿ ತೆಗೆದುಕೊಂಡು ಹೋಗಿ. ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅವರು ನೋಡುವುದು ಅದರಲ್ಲೇ.